ಯಾರೂ ಕರೆಯಲು ಬರುವುದಿಲ್ಲ: ಶಿರಸಿ ಕಡೆಯಿಂದ ಜರ್ಮನಿಗೆ ಓದಲು ಹೊರಟವರಿಗೆ

ನನ್ನ ಮೊದಲ ಸೆಮಿಸ್ಟರಿನ ಮೊದಲ ಪರೀಕ್ಷೆ. ಫೆಬ್ರವರಿ ತಿಂಗಳು, ಹೊರಗೆ ಹಿಮ. ಮೂರು ವಾರ ಸರಿಯಾಗಿ ಓದಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಕೂತಿದ್ದ ಸಹಾಯಕಿ ಪಟ್ಟಿಯ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. "ನಿಮ್ಮ ಹೆಸರಿಲ್ಲವಲ್ಲ" ಎಂದರು. ಒಂದು ಕ್ಲಾಸೂ ತಪ್ಪಿಸಿರಲಿಲ್ಲ, ಕಟ್ಟಬೇಕಾದ ದುಡ್ಡು ಕಟ್ಟಿದ್ದೆ. ಆದರೆ ಪರೀಕ್ಷೆಗೆ ಅಂತಲೇ ಬೇರೆ ನೋಂದಣಿ ಇತ್ತು. ಅದು ಡಿಸೆಂಬರಿನಲ್ಲೇ ಮುಗಿದುಹೋಗಿತ್ತು. ಸೂಚನೆ ಇಮೇಲಿಗೆ ಬಂದಿತ್ತು, ಜರ್ಮನ್ ಭಾಷೆಯಲ್ಲಿ. ನಾನು ಓದಿರಲಿಲ್ಲ. ತಪ್ಪು ನನ್ನದೇ.

ನಮ್ಮ ಕಡೆ ಒಂದು ಸತ್ಯನಾರಾಯಣ ಪೂಜೆ ಇಟ್ಟುಕೊಂಡರೂ ಮನೆಮನೆಗೆ ಹೋಗಿ ಕರೆಯುತ್ತಾರೆ. ಕರೆದ ಮೇಲೂ ಹಿಂದಿನ ದಿನ ಫೋನ್ ಮಾಡಿ ನೆನಪಿಸುತ್ತಾರೆ. ಕಾಲೇಜಿನಲ್ಲಿ ಫೀಸು ಕಟ್ಟದಿದ್ದರೆ ಕ್ಲರ್ಕ್ ಹುಡುಕಿಕೊಂಡು ಬರುತ್ತಾರೆ. ಹೀಗೆ ಬೆಳೆದ ನಮಗೆ ಅಲ್ಲಿ ಮೊದಲು ಪೆಟ್ಟು ಬೀಳುವುದು ಚಳಿಯಿಂದಲ್ಲ, ಭಾಷೆಯಿಂದಲೂ ಅಲ್ಲ. ಯಾರೂ ಕರೆಯಲು ಬರುವುದಿಲ್ಲ ಎನ್ನುವುದರಿಂದ. ಮನೆ, ಡಾಕ್ಟರು, ಪರೀಕ್ಷೆ, ಗೆಳೆತನ, ಎಲ್ಲದಕ್ಕೂ ನೀವೇ ಹೋಗಿ ಬಾಗಿಲು ತಟ್ಟಬೇಕು. ತಟ್ಟಿದರೆ ಸಾಮಾನ್ಯವಾಗಿ ತೆರೆಯುತ್ತಾರೆ, ಅದು ಬೇರೆ ಮಾತು.

ಜರ್ಮನಿ ಬಿಟ್ಟು ಬೇರೆ ದೇಶದ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ಹಾಗಾಗಿ ಇದು ಜರ್ಮನಿಗೆ, ಅದರಲ್ಲೂ ಮಾಸ್ಟರ್ಸ್‌ಗೆ ಹೊರಟವರಿಗೆ.

ಮನೆಯಲ್ಲಿ ಇರುವಾಗಲೇ: ಹೆಸರು ಮತ್ತು ಕಾಗದ

ಎಲ್ಲಕ್ಕಿಂತ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಮೂರನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಜಿಲ್ಲೆಯವರಿಗೆ ಇದು ಸುಮ್ನೆ ಹೇಳುವ ಮಾತಲ್ಲ. 'ಹೆಗಡೆ' ಒಂದು ಕಡೆ ಇಂಗ್ಲಿಷಿನಲ್ಲಿ ಐದು ಅಕ್ಷರ, ಇನ್ನೊಂದು ಕಡೆ ಆರು. ಒಂದರಲ್ಲಿ ಅಪ್ಪನ ಹೆಸರು ನಡುವೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಊರಿನ ಪೋಸ್ಟ್‌ಮನ್ನರಿಗೆ ಇದರಿಂದ ಏನೂ ಆಗುವುದಿಲ್ಲ. ಅಲ್ಲಿಯ ಕಂಪ್ಯೂಟರಿಗೆ ಆಗುತ್ತದೆ. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಈಗಲೇ ಅರ್ಜಿ ಹಾಕಿ. ನಾನು ಇದಕ್ಕಾಗಿ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಎರಡು ಸಲ ಹೋಗಿ ಬಂದೆ.

ಮುಂದಿನದು ಎಪಿಎಸ್ ಸರ್ಟಿಫಿಕೇಟ್. ನಿಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ನೋಡಿ ಕೊಡುವ ಪತ್ರ ಇದು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ. ಶುಲ್ಕ 18,000 ರೂಪಾಯಿ. ಅರ್ಜಿಯ ಕೆಲಸ ದಿಲ್ಲಿಯಲ್ಲಿ ನಡೆಯುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಇದು ಕೈಗೆ ಬಾರದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೇ ಕೇಳುತ್ತವೆ. ಆದ್ದರಿಂದ ಯಾವ ವಿಶ್ವವಿದ್ಯಾಲಯ ಎಂದು ಗೊತ್ತಾಗುವ ಮೊದಲೇ ಇದಕ್ಕೆ ಕೈ ಹಾಕಿ.

ಕೋರ್ಸ್ ಹುಡುಕಲು ವಿದ್ಯಾರ್ಥಿ ವಿನಿಮಯ ನೋಡಿಕೊಳ್ಳುವ ಜರ್ಮನಿಯ ಡಿಎಎಡಿ ಸಂಸ್ಥೆಯ ವೆಬ್‌ಸೈಟ್ ಒಳ್ಳೆಯದು. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಏಜೆಂಟರಿಗೆ ಲಕ್ಷ ಕೊಡುವ ಮೊದಲು ಒಂದು ಭಾನುವಾರ ಅಲ್ಲಿ ಕಳೆಯಿರಿ. ಅರ್ಜಿ ಎಷ್ಟೋ ಕಡೆ ಯೂನಿ-ಅಸಿಸ್ಟ್ ಮೂಲಕ ಹೋಗುತ್ತದೆ, ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆ ಅದು. ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೆ 30 ಯೂರೋ. ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಹಲವು ಕಡೆ ಜುಲೈ 15 ಕೊನೆಯ ದಿನ. ಮಾರ್ಚ್, ಮೇ ಹೊತ್ತಿಗೇ ಬಾಗಿಲು ಹಾಕುವ ಕೋರ್ಸುಗಳೂ ಇವೆ.

ಅಂಕಗಳ ಲೆಕ್ಕ ತಲೆಕೆಳಗು. ಅಲ್ಲಿ 1.0 ಅತ್ಯುತ್ತಮ, 4.0 ಪಾಸು, ಅದಕ್ಕಿಂತ ಮೇಲೆ ಹೋದರೆ ಫೇಲು. ನಿಮ್ಮದನ್ನು ಹೀಗೆ ಬದಲಿಸಿಕೊಳ್ಳಿ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8 ಇದ್ದು, ಪಾಸ್ ಅಂಕ 4 ಎಂದು ಹಿಡಿದರೆ 2.0 ಬರುತ್ತದೆ. ಮೊದಲ ಸಲ 1.7 ತೆಗೆದಾಗ ಖುಷಿಯಲ್ಲಿ ಮನೆಗೆ ಫೋನ್ ಮಾಡಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು "ಎಷ್ಟಕ್ಕೆ?" ಎಂದ. ಐದಕ್ಕೆ ಎಂದೆ. ಅವತ್ತು ಊಟ ಮಾಡಿದನೋ ಇಲ್ಲವೋ.

ದುಡ್ಡು: ತೋಟ ತೋರಿಸಿದರೆ ಆಗುವುದಿಲ್ಲ

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ 'ಜರ್ಮನಿಯಲ್ಲಿ ಓದು ಪುಕ್ಕಟೆ' ಎಂದು ಮದುವೆ ಮನೆಯಲ್ಲಿ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಹಾಕುತ್ತಿದೆ. ಉಳಿದ ಕಡೆಯೂ ಸೆಮಿಸ್ಟರ್ ವಂತಿಗೆ ಎಂದು ನೂರರಿಂದ ನಾನೂರು ಯೂರೋದವರೆಗೆ ಕಟ್ಟಬೇಕು.

ದೊಡ್ಡ ಮೊತ್ತ ಎಂದರೆ ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಹಾಕಿಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ನಿಮ್ಮದೇ ದುಡ್ಡು ನಿಮಗೆ ಬಿಡುತ್ತಾರೆ. 2024ರ ಸೆಪ್ಟೆಂಬರಿನಿಂದ ಇದ್ದ ಲೆಕ್ಕ ಇದು. ಆಗಾಗ ಏರುತ್ತದೆ, ಅರ್ಜಿಯ ಹೊತ್ತಿಗೆ ಮತ್ತೆ ನೋಡಿಕೊಳ್ಳಿ.

ಸಾಲಕ್ಕೆ ಹೊರಟಾಗ ನಮ್ಮವರು ಮಾಡುವ ತಪ್ಪೊಂದಿದೆ. 'ಎರಡು ಎಕರೆ ಅಡಿಕೆ ತೋಟ ಇದೆಯಲ್ಲ, ಅದನ್ನೇ ಅಡ ಇಟ್ಟರಾಯಿತು' ಎಂದುಕೊಂಡು ಸುಮ್ಮನೆ ಕೂರುವುದು. ಶಿಕ್ಷಣ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಕೃಷಿ ಜಮೀನನ್ನು ಅಡವಾಗಿ ಒಪ್ಪುವುದಿಲ್ಲ. ಪೇಟೆಯ ಸೈಟು, ಮನೆ, ಠೇವಣಿ, ಎಲ್‌ಐಸಿ ಇಂಥವು ನಡೆಯುತ್ತವೆ. ಇದು ಗೊತ್ತಾಗುವುದು ವೀಸಾಕ್ಕೆ ಎರಡು ತಿಂಗಳು ಇರುವಾಗ. ಆಗ ಅತ್ತೆಯ ಮನೆಯ ಸೈಟಿನ ಕಾಗದ ಕೇಳಲು ಹೋಗಬೇಕಾಗುತ್ತದೆ. ಅದಕ್ಕಿಂತ ಬ್ಯಾಂಕಿಗೆ ಆರು ತಿಂಗಳು ಮೊದಲೇ ಒಂದು ಸಲ ಹೋಗಿ ಬನ್ನಿ. ಶಿಕ್ಷಣ ಸಾಲದ ಹಣವನ್ನು ಹೊರದೇಶಕ್ಕೆ ಕಳಿಸುವಾಗ 2025ರ ಏಪ್ರಿಲಿನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕಿನವರು ವಸೂಲಿ ಮಾಡುವ ತೆರಿಗೆ, ಹಿಡಿಯುವುದಿಲ್ಲ. ಅದೊಂದು ಸಮಾಧಾನ.

ವೀಸಾದ ಅರ್ಜಿ ಆನ್‌ಲೈನಿನಲ್ಲಿ, ಬೆರಳಚ್ಚು ಕೊಡುವುದು ಬೆಂಗಳೂರಿನಲ್ಲಿ. ಶುಲ್ಕ 75 ಯೂರೋ. ಶಿರಸಿಯಿಂದ ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಆದರೂ ಮಳೆಗಾಲದಲ್ಲಿ ಅಪಾಯಿಂಟ್‌ಮೆಂಟ್ ಇದ್ದರೆ ಒಂದು ದಿನ ಮೊದಲೇ ಹೋಗಿ. ಘಟ್ಟದ ರಸ್ತೆಯ ಕಥೆ ನಿಮಗೆ ನಾನು ಹೇಳಬೇಕೇ? ಕಾರವಾರದವರು ರೈಲು ಹಿಡಿಯಬಹುದು.

ಚೀಲ ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಯಾಕೆಂದರೆ ಪ್ರತಿ ಮನೆಯಲ್ಲೂ ಇದೇ ಜಗಳ.

ತುಪ್ಪ ಬೇಡ. ಎಷ್ಟೇ ಚಂದ ಪ್ಯಾಕ್ ಮಾಡಿದರೂ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ತುಪ್ಪವೂ ಅದರಲ್ಲೇ ಬಂತು. ಪೇಡೆಯೂ ಬಂತು. ತಮಾಷೆ ಎಂದರೆ ಮೀನಿಗೆ ಇಷ್ಟು ಬಿಗಿ ಇಲ್ಲ. ಸ್ವಂತ ಬಳಕೆಗೆ 20 ಕೆಜಿವರೆಗೆ ಒಯ್ಯಬಹುದು. ನಾನು ಇಳಿದ ದಿನ ಕಸ್ಟಮ್ಸಿನವರು ಇಬ್ಬರ ಚೀಲ ತೆರೆಸಿದರು. ಕಾರವಾರದ ಗೆಳೆಯನ ಒಣ ಸೀಗಡಿ ಪೊಟ್ಟಣವನ್ನು ಮೂಸಿ, ಮುಖ ಕಿವುಚಿ, ಹಾಗೇ ವಾಪಸ್ ಇಟ್ಟರು. ಆಯಿ ಕಾಯಿಸಿ ಕೊಟ್ಟ ಒಂದು ಕೆಜಿ ತುಪ್ಪ ಕಸದ ಡಬ್ಬಿಗೆ ಹೋಯಿತು. ಡಬ್ಬಿಯ ಮುಚ್ಚಳಕ್ಕೆ ಆಯಿ ಸುತ್ತಿದ್ದ ಬಿಳಿ ಬಟ್ಟೆ, ಅದರ ಮೇಲಿನ ದಾರದ ಗಂಟು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಜೇನುತುಪ್ಪ ಎರಡು ಕೆಜಿವರೆಗೆ ಅಡ್ಡಿಯಿಲ್ಲ. ಹಸಿ ಕರಿಬೇವು, ಮಾವಿನ ಹಣ್ಣು ಬೇಡ, ಸಸ್ಯಕ್ಕೆ ಬೇರೆ ಸರ್ಟಿಫಿಕೇಟ್ ಕೇಳುತ್ತಾರೆ. ಒಣಗಿಸಿ ಪುಡಿ ಮಾಡಿದ್ದು ನಡೆಯುತ್ತದೆ. ಒಣ ಕೊಬ್ಬರಿಯನ್ನು ವಿಮಾನಕ್ಕೇ ಹತ್ತಿಸುವುದಿಲ್ಲ, ಬೇಗ ಬೆಂಕಿ ಹಿಡಿಯುತ್ತದೆ ಎಂದು. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಚೀಲದಲ್ಲಿ, ಗಟ್ಟಿಯಾಗಿ ಸೀಲ್ ಮಾಡಿ. ಕೈಚೀಲದಲ್ಲಿ ಇಟ್ಟರೆ ಭದ್ರತೆಯವರು ತೆಗೆಸುತ್ತಾರೆ. ಹಲಸಿನ ಹಪ್ಪಳ, ಸಾರಿನ ಪುಡಿ, ಒಣ ಮುರುಗಲು ಸಿಪ್ಪೆ ಚಿನ್ನ ಇದ್ದಂತೆ. ತೊಡದೇವು ಒಯ್ದರೆ ಅಲ್ಲಿ ಪುಡಿ ತಿನ್ನಬೇಕು, ರುಚಿ ಅದೇ.

ಅಕ್ಕಿ, ಬೇಳೆ ಒಯ್ಯಬೇಡಿ. ಅಲ್ಲಿ ಸಿಗುತ್ತದೆ. ಸ್ವೆಟರ್ ರಾಶಿಯೂ ಬೇಡ. ಒಳ್ಳೆಯ ಜಾಕೆಟ್ಟು, ಶೂ ಅಲ್ಲೇ ಕೊಳ್ಳುವುದು ಸರಿ. ಸಣ್ಣ ಕುಕ್ಕರ್ ಒಂದು ಇರಲಿ.

ಮೊದಲ ಎರಡು ವಾರ

ಮನೆಯ ವಿಷಯ ವೀಸಾದ ಜೊತೆಗೇ ಶುರುವಾಗಬೇಕು. ಪ್ರವೇಶ ಪತ್ರ ಬಂದ ದಿನವೇ ಆ ಊರಿನಲ್ಲಿ ವಿದ್ಯಾರ್ಥಿಗಳ ಹಾಸ್ಟೆಲು, ಕ್ಯಾಂಟೀನು ನೋಡಿಕೊಳ್ಳುವ ಷ್ಟುಡೀರೆಂಡೆನ್‌ವೆರ್ಕ್‌ಗೆ ಹಾಸ್ಟೆಲಿಗಾಗಿ ಅರ್ಜಿ ಹಾಕಿ. ಸಾಲು ಉದ್ದ ಇರುತ್ತದೆ. ಸಿಗದಿದ್ದರೆ ವೇಗೇ, ಅಂದರೆ ಮೂರು ನಾಲ್ಕು ಜನ ಸೇರಿ ಒಂದು ಮನೆ ಹಂಚಿಕೊಳ್ಳುವುದು. ಮನೆ ನೋಡದೆ, ಮಾಲೀಕರ ಜೊತೆ ಮಾತಾಡದೆ ಡಿಪಾಸಿಟ್ ಕಳಿಸಬೇಡಿ. 'ನಾನು ಲಂಡನ್ನಿನಲ್ಲಿದ್ದೇನೆ, ಕೀ ಕೊರಿಯರ್ ಮಾಡುತ್ತೇನೆ' ಎಂದವರೆಲ್ಲ ಮೋಸಗಾರರು. ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಅಲ್ಲಿಯ ಕಾನೂನು. 'ಕಾಲ್ಟ್' ಎಂದರೆ ಬರೀ ಮೂಲ ಬಾಡಿಗೆ, 'ವಾರ್ಮ್' ಎಂದರೆ ಹೀಟರು, ನೀರು ಸೇರಿಸಿ. ಎರಡನೆಯದನ್ನು ನೋಡಿ ಲೆಕ್ಕ ಹಾಕಿ.

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಮಾಲೀಕರಿಂದ ಸಹಿ ಮಾಡಿಸಿದ ಪತ್ರ ಬೇಕು. ಆ ಒಂದು ಹಾಳೆಯ ಮೇಲೆ ಉಳಿದದ್ದೆಲ್ಲ ನಿಂತಿದೆ. ಬ್ಯಾಂಕ್ ಖಾತೆಗೆ ಅದನ್ನೇ ಕೇಳುತ್ತಾರೆ. ತೆರಿಗೆ ಸಂಖ್ಯೆ ಅದರಿಂದಲೇ ಹುಟ್ಟುತ್ತದೆ. ನಿವಾಸ ಪರವಾನಗಿಗೂ ಅದು ಬೇಕು.

ಅದಕ್ಕಿಂತ ಮೊದಲು ಇನ್ನೊಂದು ಕೆಲಸ. ಒಂದು ಚೀಟಿಯಲ್ಲಿ ನಿಮ್ಮ ಹೆಸರು ಬರೆದು ಕೆಳಗಿನ ಅಂಚೆ ಡಬ್ಬಿಗೆ ಅಂಟಿಸಿ. ನಗಬೇಡಿ. ನಮ್ಮೂರಲ್ಲಿ ಪೋಸ್ಟ್‌ಮನ್ನರು ಬರೀ ಹೆಸರು ನೋಡಿ, ಇಂಥವರ ಮಗ ಎಂದು ತೋಟದ ಕಡೆಗೇ ಬಂದು ಕೊಟ್ಟು ಹೋಗುತ್ತಾರೆ. ಅಲ್ಲಿ ವಿಳಾಸ ಸರಿ ಇದ್ದರೂ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್. ಆ ದೇಶದಲ್ಲಿ ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲ ಬರುವುದು ಅಂಚೆಯಲ್ಲೇ. ನನ್ನ ಬ್ಯಾಂಕ್ ಕಾರ್ಡ್ ಎರಡು ಸಲ ವಾಪಸ್ ಹೋಗಿತ್ತು. ಮೂರನೆಯ ವಾರ ಪಕ್ಕದ ಕೋಣೆಯ ಹುಡುಗಿ ಒಂದು ಪೆನ್ನು, ಒಂದು ಟೇಪು ತಂದು ಕೈಗೆ ಕೊಟ್ಟಳು.

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲ. ಮೂವತ್ತು ವರ್ಷದೊಳಗಿನವರಿಗೆ ಸರ್ಕಾರಿ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ, ತಿಂಗಳಿಗೆ ಸುಮಾರು 150 ಯೂರೋ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ರೇಡಿಯೋ-ಟಿವಿ ಶುಲ್ಕ ಎಂದು ತಿಂಗಳಿಗೆ 18.36 ಯೂರೋ ಬರುತ್ತದೆ. ಅದು ಮನೆಗೊಂದು, ತಲೆಗೊಂದಲ್ಲ. ಹಂಚಿಕೊಳ್ಳಿ. ಬಸ್ಸು, ರೈಲಿನ ಪಾಸು ಎಷ್ಟೋ ಕಡೆ ಸೆಮಿಸ್ಟರ್ ವಂತಿಗೆಯಲ್ಲೇ ಸೇರಿರುತ್ತದೆ.

ಕ್ಲಾಸಿನೊಳಗೆ

ವೇಳಾಪಟ್ಟಿಯಲ್ಲಿ 10 ಗಂಟೆ ಎಂದು ಬರೆದು ಪಕ್ಕದಲ್ಲಿ 'ಸಿ.ಟಿ.' ಎಂದಿದ್ದರೆ ಕ್ಲಾಸು ಶುರುವಾಗುವುದು 10.15ಕ್ಕೆ. 'ಎಸ್.ಟಿ.' ಎಂದಿದ್ದರೆ ಸರಿಯಾಗಿ ಹತ್ತಕ್ಕೆ. ಕ್ಲಾಸು ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಏನೋ ಗಲಾಟೆ ಶುರುವಾಯಿತು ಎಂದುಕೊಂಡೆ. ಅದು ಅವರ ಚಪ್ಪಾಳೆ.

ಜರ್ಮನ್ ಭಾಷೆಯಲ್ಲಿ 'ಝೀ' ಎಂದರೆ ನೀವು, 'ಡೂ' ಎಂದರೆ ನೀನು. ಬರೀ ಇಂಗ್ಲಿಷ್ ಬಲ್ಲವರು ಇದಕ್ಕೆ ಒದ್ದಾಡುತ್ತಾರೆ. ನಮಗೆ ಹುಟ್ಟಿನಿಂದ ಗೊತ್ತು ಅಲ್ವಾ? ಪ್ರೊಫೆಸರರಿಗೆ ನೀವು, ಸಹಪಾಠಿಗೆ ನೀನು. ಆದರೆ ನೀವು ಎಂದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಅವರು ಬೋರ್ಡಿನ ಮೇಲೆ ಬರೆದದ್ದು ತಪ್ಪು ಎನಿಸಿದರೆ ಕೈ ಎತ್ತಿ ಕೇಳಿ. ಪ್ರತಿ ಪ್ರೊಫೆಸರರಿಗೂ ವಿದ್ಯಾರ್ಥಿಗಳಿಗೆಂದೇ ಇಟ್ಟ ಸಮಯ ಇರುತ್ತದೆ, ಅದಕ್ಕೆ ಷ್ಪ್ರೆಖ್‌ಷ್ಟುಂಡೆ ಎನ್ನುತ್ತಾರೆ. ಇಮೇಲ್ ಮಾಡಿ ಹೋದರೆ ಅರ್ಧ ಗಂಟೆ ಕೂತು ವಿವರಿಸಿಕೊಡುತ್ತಾರೆ. ಹೋಗುವವರೇ ಕಡಿಮೆ.

ಪರೀಕ್ಷೆಯ ಬಗ್ಗೆ ಮಾತ್ರ ದಯವಿಟ್ಟು ನನ್ನ ಹಾಗೆ ಮಾಡಬೇಡಿ. ಸೆಮಿಸ್ಟರಿನ ಮೊದಲ ವಾರವೇ ನಿಮ್ಮ ವಿಭಾಗದ ಪರೀಕ್ಷಾ ನಿಯಮದ ಕಡತ ಇಳಿಸಿಕೊಂಡು ಓದಿ. ನೋಂದಣಿ ಎಂದಿನಿಂದ ಎಂದಿನವರೆಗೆ, ಹಿಂದೆ ಸರಿಯಲು ಕೊನೆಯ ದಿನ ಯಾವುದು, ಒಂದು ವಿಷಯಕ್ಕೆ ಎಷ್ಟು ಅವಕಾಶ, ಇವಿಷ್ಟನ್ನು ಬರೆದು ಗೋಡೆಗೆ ಅಂಟಿಸಿ. ಸಾಮಾನ್ಯವಾಗಿ ಮೂರು ಅವಕಾಶ ಇರುತ್ತವೆ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸಿಗೆ ಜರ್ಮನಿಯ ಇನ್ನೊಂದು ವಿಶ್ವವಿದ್ಯಾಲಯವೂ ಸೇರಿಸಿಕೊಳ್ಳುವುದಿಲ್ಲ. ನಮ್ಮಲ್ಲಿಯ ಹಾಗೆ 'ಬ್ಯಾಕ್ ಇಟ್ಟುಕೊಂಡು ಮುಂದೆ ನೋಡೋಣ' ಎನ್ನುವ ಆಟ ನಡೆಯುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಇಂಟರ್ನಲ್ ಅಂಕವೂ ಇರುವುದಿಲ್ಲ. ಆರು ತಿಂಗಳ ಓದಿಗೆ 90 ನಿಮಿಷದ ಒಂದೇ ಪರೀಕ್ಷೆ.

ಕೆಲಸ

ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ದಾಟದಂತೆ ನೋಡಿಕೊಳ್ಳಿ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರರಿಗೆ ಸಹಾಯಕರಾಗಿ ಸೇರುವ ಕೆಲಸಕ್ಕೆ ಹೀವಿ ಎನ್ನುತ್ತಾರೆ. ಅದು ಆ 140 ದಿನದ ಲೆಕ್ಕಕ್ಕೆ ಬರುವುದಿಲ್ಲ, ಕಲಿಯುವುದಕ್ಕೂ ಸಿಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕೆಲಸ ಹುಡುಕಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ. ಸಾಲದ ಕಂತು ಹೆದರಿಸುತ್ತದೆ, ಗೊತ್ತು. ಆದರೂ.

ಒಗ್ಗರಣೆ, ಕತ್ತಲು, ಫೋನು

ಅಡಿಗೆ ಮನೆಯ ಮೇಲೆ ಹೊಗೆ ಅಲಾರಂ ಇರುತ್ತದೆ. ಸಾಸಿವೆ, ಒಣ ಮೆಣಸು, ಇಂಗಿನ ಒಗ್ಗರಣೆ ಎಂದರೆ ಅದಕ್ಕೆ ಬೆಂಕಿ ಬಿದ್ದ ಹಾಗೆಯೇ. ಕಿಟಕಿ ತೆರೆದು, ಉರಿ ಸಣ್ಣ ಮಾಡಿ, ಮುಚ್ಚಳ ಕೈಯಲ್ಲಿ ಹಿಡಿದು ಹಾಕಿ. ಚಟಪಟ ಅನ್ನುತ್ತಿದ್ದ ಹಾಗೆ ಮುಚ್ಚಿಬಿಡಿ. ಅಲಾರಂ ಅಗ್ನಿಶಾಮಕ ದಳಕ್ಕೆ ನೇರ ಹೋಗುವ ಕಟ್ಟಡವಾದರೆ ಬಿಲ್ಲು ನಿಮಗೇ ಬರಬಹುದು. ನಾನಂತೂ ಚಳಿಗಾಲವಿಡೀ ತಂಬುಳಿಯಲ್ಲೇ ಕಳೆದೆ. ಅಲ್ಲಿ ಮೊಸರು ಚೆನ್ನಾಗಿರುತ್ತದೆ, ಒಂದೆಲಗದ ಬದಲು ಪಾಲಕ್.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು, ಬ್ರೆಡ್ಡು ತಂದಿಡಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ. ರಾತ್ರಿ ಹತ್ತರ ಮೇಲೆ ಮಿಕ್ಸಿ ತಿರುಗಿಸಬೇಡಿ. ಮಿಕ್ಕ ಸಣ್ಣಪುಟ್ಟ ನಿಯಮ ಕೋಣೆಯ ಜೊತೆಗಾರರು ಹೇಳುತ್ತಾರೆ, ಕೇಳಿದರೆ.

ಕತ್ತಲಿನ ಬಗ್ಗೆ ಯಾರೂ ಹೇಳಿರಲಿಲ್ಲ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದೆ ಬೆಳೆದವರು ನಾವು, ನಮಗೇನು ಎಂದುಕೊಂಡಿದ್ದೆ. ಆದರೆ ಮಲೆನಾಡಿನ ಮಳೆಗೆ ಸದ್ದಿದೆ, ಹಂಚಿನ ಕೆಳಗೆ ಬಚ್ಚಲ ಒಲೆಯ ಬಿಸಿಯಿದೆ, ನಾಲ್ಕು ಜನರ ಮಾತಿದೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಸದ್ದಿಲ್ಲದೆ ಕತ್ತಲಾಗುತ್ತದೆ. ಮಧ್ಯಾಹ್ನ ಬಿಸಿಲು ಕಂಡರೆ ಪುಸ್ತಕ ಬಿಟ್ಟು ಹೊರಗೆ ನಡೆಯಿರಿ. ಊಟಕ್ಕೆ ಕೋಣೆಗೆ ಬರದೆ ವಿಶ್ವವಿದ್ಯಾಲಯದ ಕ್ಯಾಂಟೀನು ಮೆನ್ಸಾಕ್ಕೆ ಹೋಗಿ, ಮೂರು ನಾಲ್ಕು ಯೂರೋದಲ್ಲಿ ಆಗುತ್ತದೆ. ಸಸ್ಯಾಹಾರವೂ ಇರುತ್ತದೆ. ಮುಖ್ಯ ಎಂದರೆ ಎದುರಿಗೆ ಒಬ್ಬರು ಕೂತಿರುತ್ತಾರೆ. ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದಲ್ಲಿ ಸಣ್ಣ ದುಡ್ಡಿಗೆ ಈಜು, ಬೆಟ್ಟ ಹತ್ತುವುದು, ಕುಣಿತ ಎಲ್ಲ ಕಲಿಸುತ್ತಾರೆ. ನನಗೆ ಸಿಕ್ಕ ಇಬ್ಬರು ಒಳ್ಳೆಯ ಗೆಳೆಯರು ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಮಂಗಳವಾರದ ಬ್ಯಾಡ್ಮಿಂಟನ್ನಿನಲ್ಲಿ. ತುಂಬಾ ಮಂಕು ಕವಿದರೆ ವಿದ್ಯಾರ್ಥಿಗಳಿಗೆ ಪುಕ್ಕಟೆ ಆಪ್ತ ಸಲಹೆ ಇದೆ. ನಾಚಿಕೆ ಬೇಡ.

ಮನೆಗೆ ಫೋನು: ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಅಕ್ಟೋಬರಿನ ಕೊನೆಯ ಭಾನುವಾರದಿಂದ ನಾಲ್ಕೂವರೆ. ನಮ್ಮ ಆಯಿಗೆ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಗೇರು ಮರದ ಹತ್ತಿರ ದಿಬ್ಬ ಹತ್ತಬೇಕು. ಗಡಿಯಾರ ಬದಲಾದದ್ದನ್ನು ನಾನು ಹೇಳಲು ಮರೆತು, ಒಂದು ಗಂಟೆ ದಿಬ್ಬದ ಮೇಲೆ ನಿಂತಿದ್ದಳು. ಫೋನ್ ಎತ್ತಿದವಳು ಬೈಯಲಿಲ್ಲ, "ಊಟ ಆತಾ?" ಎಂದಳು.

ರಜೆಗೆ ಊರಿಗೆ ಬರುವ ಮೊದಲು

ಪರೀಕ್ಷೆಯ ದಿನಾಂಕ ತಡವಾಗಿ ಹೊರಬೀಳುತ್ತದೆ, ಫೆಬ್ರವರಿಯಿಂದ ಮಾರ್ಚಿನವರೆಗೂ ಎಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯೂ ಅದೇ ಹೊತ್ತಿಗೆ. ಜಾತ್ರೆ ನೋಡಿ ಟಿಕೆಟ್ ಮಾಡಿ ಆಮೇಲೆ ಪರೀಕ್ಷೆ ಬಿಟ್ಟವರನ್ನು ನೋಡಿದ್ದೇನೆ. ಹೊರಡುವ ಮೊದಲು ನಿವಾಸ ಪರವಾನಗಿಯ ದಿನಾಂಕವನ್ನೂ ನೋಡಿ. ಮುಗಿಯಲು ಬಂದಿದ್ದರೆ 'ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ' ಎಂಬ ಇಮೇಲ್ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಮರಳಿ ಒಳಗೆ ಬರಲು ಒಪ್ಪುವ ತಾತ್ಕಾಲಿಕ ಪತ್ರವನ್ನು ವಿದೇಶಿಯರ ಕಚೇರಿಯಿಂದ ಕೈಗೆ ತೆಗೆದುಕೊಂಡೇ ಹೊರಡಿ. ಅದಕ್ಕೆ ಸಮಯ ಸಿಗುವುದು ತಿಂಗಳುಗಟ್ಟಲೆ ತಡ, ಹಾಗಾಗಿ ಮೂರು ತಿಂಗಳು ಮೊದಲೇ ಬರೆಯಿರಿ. ಉತ್ತರ ಬಾರದಿದ್ದರೆ ಬೆಳಿಗ್ಗೆ ಏಳೂವರೆಗೆ ಖುದ್ದಾಗಿ ಹೋಗಿ ಬಾಗಿಲಲ್ಲಿ ನಿಲ್ಲಿ. ವಾಪಸ್ ಹೊರಡುವಾಗ ಆಯಿ ಮತ್ತೆ ತುಪ್ಪದ ಡಬ್ಬಿ ಹಿಡಿದು ಬರುತ್ತಾಳೆ. ಅಪ್ಪೆಮಿಡಿ ಇನ್ನೊಂದು ಕೆಜಿ ಹಾಕು ಎಂದು ಕೇಳಿ.